ಮಿರಜಿಗೆ ಸೋಬತಿ

"ಇನ್ನೊಂದೀಟ ಎಡಕ್ಕ ಸರಸ್ರಿ, ಕುತ್ತಿಗಿ ಸೊಟ್ಟ ಕಾಣಾಕತ್ತೈತಿ," ಎಂದರು ಬಾಪುಸಾಹೇಬರು. ಶಮಶೇರ ಲಗಮಣ್ಣನ ಹೆಗಲಿನ ಹಿಂದೆ ಇನ್ನೊಂದು ದಿಂಬು ತುರುಕಿ, ಗಲ್ಲಕ್ಕೆ ಸುತ್ತಿದ ಬಿಳಿ ಬಟ್ಟೆಯ ಗಂಟನ್ನು ನೆತ್ತಿಯ ಮೇಲೆ ಬಿಗಿ ಮಾಡಿದ. ಲಗಮಣ್ಣನ ಜನರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಊಟದ ಹಾಲ್‌ನ ಪಡಸಾಲೆಯಲ್ಲಿ ಗೋಡೆಗೆ ಆನಿಸಿ, ಹಣೆ ತುಂಬ ವಿಭೂತಿ ಬಳಿದು ಅವನನ್ನು ಕೂರಿಸಿದ್ದರು. ದೂರದಿಂದ ನೋಡಿದವರಿಗೆ ಊಟದ ಗಂಟೆಗಾಗಿ ಕಾಯುತ್ತಿದ್ದಾನೆ ಅನಿಸುವಂತಿತ್ತು.

ಕಂಬದ ಬುಡದಲ್ಲಿ ಕೂತು ಬಿಲ್ವಪತ್ರೆ ಬಿಡಿಸುತ್ತಿದ್ದ ಸುಗಂಧಾಬಾಯಿ ಮಾತ್ರ ಆ ಕಡೆ ನೋಡಲಿಲ್ಲ. ಮುಳ್ಳು ಎರಡು ಸಲ ಬೆರಳಿಗೆ ಚುಚ್ಚಿತ್ತು, ಅದನ್ನೂ ನೋಡಲಿಲ್ಲ. ಆರು ತಿಂಗಳಿಂದ ಆ ಮನುಷ್ಯನ ಜೊತೆ ಅವಳು ಮಾತು ಬಿಟ್ಟಿದ್ದಳು. ಎದುರಿಗೆ ಬಂದರೆ ಮುಖ ತಿರುಗಿಸುವುದು ಕತ್ತಿಗೆ ರೂಢಿಯಾಗಿ ಹೋಗಿತ್ತು. ಅವನು ಸತ್ತ ಮೇಲೂ ಆ ರೂಢಿ ಬಿಡವಲ್ಲದಾಗಿತ್ತು.

ಕಾಗವಾಡದಿಂದ ಮಿರಜಿಗೆ ಹೋಗುವ ರಸ್ತೆಯ ಬದಿಗೆ, ಕಬ್ಬಿನ ಹೊಲಗಳ ನಡುವೆ ಈ ನಿವೃತ್ತರ ವಸತಿ. ಮೂವತ್ತೆಂಟು ಖೋಲಿ. ಇಲ್ಲಿ ಇರುವವರು ಯಾರೋ ತಂದು ಬಿಟ್ಟುಹೋದವರಲ್ಲ. ಮಾಸ್ತರರು, ಕಾರಕೂನರು, ನರ್ಸಬಾಯಿಗಳು, ಟೇಲರುಗಳು, ತಾವಾಗಿಯೇ ಗಂಟು ಕಟ್ಟಿಕೊಂಡು ಬಂದವರು. ಸುಮ್ಮನೆ ಕೂರುವ ಜಾತಿಯೂ ಅಲ್ಲ. ಅಡಿಗೆಗೆ ಒಂದು ಸಮಿತಿ, ತೋಟಕ್ಕೊಂದು, ಭಜನೆಗೊಂದು, ಪುಸ್ತಕಗಳಿಗೊಂದು, ಜಗಳ ಬಿಡಿಸಲಿಕ್ಕೊಂದು. ಜಗಳ ಬಿಡಿಸುವ ಸಮಿತಿಯೊಳಗೇ ಜಗಳವಾದರೆ ನೋಡಿಕೊಳ್ಳಲು ಅಧ್ಯಕ್ಷರಾದ ಬಾಪುಸಾಹೇಬರಿದ್ದರು. ಅವರು ಹೆಡ್‌ಮಾಸ್ತರಿಕೆ ಬಿಟ್ಟು ಹದಿನಾಲ್ಕು ವರ್ಷವಾಗಿತ್ತು, ಹೆಡ್‌ಮಾಸ್ತರಿಕೆ ಅವರನ್ನು ಬಿಟ್ಟಿರಲಿಲ್ಲ.

ಬಸ್ಸಿನ ಕಂಡಕ್ಟರನಾಗಿ ಮೂವತ್ತನಾಲ್ಕು ವರ್ಷ ಸೀಟಿ ಊದಿ ಬಂದ ಲಗಮಣ್ಣನ ಪಾಲಿಗೆ ಬಂದದ್ದು ಸೋಬತಿ ಸಮಿತಿ. ಈ ಸೀಮೆಯವರಿಗೆ ದವಾಖಾನೆ ಎಂದರೆ ಮಿರಜ. ಕಣ್ಣಿನ ಪೊರೆಗೂ ಮಿರಜ, ಮೊಣಕಾಲಿಗೂ ಮಿರಜ. ವಯಸ್ಸಾದವರು ಒಬ್ಬರೇ ಹೋಗಬಾರದು, ಜೊತೆಗೊಬ್ಬ ಸೋಬತಿ ಇರಲೇಬೇಕು ಎಂಬುದು ವಸತಿಯ ನಿಯಮ. ಊಟದ ಹಾಲ್‌ನ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ದವಾಖಾನೆಗೆ ಹೋಗುವವರು ಎಡಕ್ಕೆ ತಮ್ಮ ಹೆಸರು ಬರೆಯುತ್ತಿದ್ದರು. ಬಲಕ್ಕೆ, 'ಸೋಬತಿ' ಎಂದಿರುವಲ್ಲಿ, ಜೊತೆ ಹೋಗುವ ಮನಸ್ಸಿದ್ದವರು ತಾವಾಗಿ ಬಂದು ಬರೆಯಬೇಕು. ಯಾರೂ ಯಾರನ್ನೂ ಬಾಯಿ ಬಿಟ್ಟು ಕೇಳುವಂತಿಲ್ಲ. ಕೇಳಿದರೆ ಮಂದಿಗೆ ಇಲ್ಲ ಅನ್ನಲಾಗುವುದಿಲ್ಲ, ಬಂದು ದಾರಿಯುದ್ದಕ್ಕೂ ಮೋರೆ ಗಂಟು ಹಾಕಿಕೊಂಡಿರುತ್ತಾರೆ ಎಂದು ಲಗಮಣ್ಣನೇ ಹಾಕಿದ ಕಟ್ಟಳೆ ಅದು. ಸಂಜೆಯವರೆಗೂ ಬಲಗಡೆ ಖಾಲಿ ಉಳಿದರೆ ಅವನೇ ಬಂದು ತನ್ನ ಹೆಸರು ಬರೆದುಬಿಡುತ್ತಿದ್ದ. ಏಳು ವರ್ಷದಲ್ಲಿ ಆ ಜಾಗ ಒಂದು ಸಲವೂ ಖಾಲಿ ಉಳಿದಿರಲಿಲ್ಲ.

ನಿನ್ನೆ ಗುರುವಾರ ಅದೇ ಲಗಮಣ್ಣ ಮಿರಜಿನ ಒಬ್ಬ ಹೃದಯದ ಡಾಕ್ಟರರ ಬಾಗಿಲ ಮುಂದೆ, ಬೆಂಚಿನ ಮೇಲೆ, ಕೈಯಲ್ಲಿ ನಂಬರಿನ ಚೀಟಿ ಹಿಡಿದು ಒಬ್ಬನೇ ಕೂತಿದ್ದವನು ಕೂತಲ್ಲೇ ಹೋಗಿಬಿಟ್ಟ. ನಂಬರು ಕೂಗಿದಾಗ ಏಳಲಿಲ್ಲವಂತೆ. ಮುದುಕನಿಗೆ ಜೊಂಪು ಹತ್ತಿದೆ ಎಂದು ಮುಂದಿನವರನ್ನು ಒಳಗೆ ಬಿಟ್ಟರಂತೆ.

"ಬೋರ್ಡಿನ ಮ್ಯಾಲೆ ಅವನ ಹೆಸರ ಎಲ್ಲಾರೂ ನೋಡೇವಿ," ಎಂದಳು ಸುಗಂಧಾಬಾಯಿಯ ಪಕ್ಕದ ಖೋಲಿಯ ಸೀತವ್ವ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಯಾರನ್ನೋ ಕರಕೊಂಡ ಹೊಂಟಾನ ಅಂತ ತಿಳಕೊಂಡ್ವಿ. ಅವನ ಹೆಸರ ಅಲ್ಲಿ ದಿನಾ ಇರೂದ ಆತಲ್ಲ. ಎಡಕ್ಕ ಐತೋ ಬಲಕ್ಕ ಐತೋ, ಯಾರ ನೋಡತಾರ?"

"ಯಾರೂ ನೋಡಿಲ್ಲ. ಕಣ್ತಪ್ಪ ಅದು, ಯಾರದೂ ತಪ್ಪಲ್ಲ," ಎಂದು ಬಾಪುಸಾಹೇಬರು ಒದ್ದೆ ಬಟ್ಟೆಯಿಂದ ಕರಿಹಲಗೆ ಒರೆಸಿದರು. ಹೂ ಯಾರು ತರಬೇಕು, ಉಪ್ಪು ಯಾರು ತರಬೇಕು, ಯಾರು ಹೊರಬೇಕು ಎಂದು ಅದರ ಮೇಲೆ ದುಂಡಗೆ ಬರೆಯತೊಡಗಿದರು.

ಎಡಗಡೆಯ ಆ ಹೆಸರು ಅಳಿಸಿಹೋದದ್ದನ್ನು ಸುಗಂಧಾಬಾಯಿ ನೋಡಿದಳು. ಇನ್ನು ಯಾರಿಗೂ ಏನೂ ತಿಳಿಯುವುದಿಲ್ಲ. ಯಾರೂ ನೋಡಿಲ್ಲ ಎಂಬ ಮಾತಿನೊಳಗೆ ಅವಳೂ ಆರಾಮಾಗಿ ಕೂತುಬಿಡಬಹುದು. ಆದರೆ ಅವಳು ನೋಡಿದ್ದಳು. ಹೆಸರು ಎಡಕ್ಕಿದ್ದದ್ದನ್ನೂ ನೋಡಿದ್ದಳು, ಬಲಗಡೆ ಖಾಲಿ ಇದ್ದದ್ದನ್ನೂ ನೋಡಿದ್ದಳು.

* * *

ಹೋದ ಆಷಾಢದಲ್ಲಿ ಸುಗಂಧಾಬಾಯಿಗೆ ಪಿತ್ತಕೋಶದ ಕಲ್ಲಿನ ನೋವು ಎದ್ದಾಗ ಕೃಷ್ಣೆ ತುಂಬಿ ಹರಿಯುತ್ತಿದ್ದಳು. ಇಚಲಕರಂಜಿಯಲ್ಲಿ ಮಗ್ಗ ನಡೆಸುವ ಮಗ ಅಭಿನಂದನ ಮನೆ ಬಿಟ್ಟಿದ್ದನಾದರೂ ಸೇತುವೆ ನೀರಿನಲ್ಲಿ ಮುಳುಗಿ, ಸುತ್ತು ಹಾಕಿ ಬರಬೇಕಾಗಿತ್ತು. ಮಿರಜಿಗೆ ಅವಳನ್ನು ಕರೆದೊಯ್ದವನು ಲಗಮಣ್ಣ. ಕೂಡಲೇ ಆಪರೇಶನ್ ಮಾಡಬೇಕೆಂದರು ಡಾಕ್ಟರು. ಕೌಂಟರಿನ ಹುಡುಗಿ ಫಾರ್ಮು ಮುಂದೆ ಹಿಡಿದು, "ಪೇಶಂಟಚೆ ಕೋಣ ಲಾಗತಾ ತುಮ್ಹೀ?" ಎಂದು ಮರಾಠಿಯಲ್ಲಿ ಕೇಳಿದಳು, ಪೇಶಂಟಿಗೆ ನೀವು ಏನಾಗಬೇಕು ಎಂದು.

"ಸೋಬತಿ," ಎಂದ ಲಗಮಣ್ಣ.

"ಸೋಬತಿ ಚಾಲತ ನಾಹೀ. ನಾತಂ ಲಿಹಾ." ಜೊತೆಗೆ ಬಂದವರ ಸಹಿ ನಡೆಯುವುದಿಲ್ಲ, ಸಂಬಂಧ ಏನೆಂದು ಬರೆಯಬೇಕು.

ಇದೇನು ಅವನಿಗೆ ಹೊಸತಲ್ಲ. ಅಂಥ ಕಡೆಗಳಲ್ಲೆಲ್ಲ ಅವನು ಕಣ್ಣು ಮುಚ್ಚಿ 'ತಮ್ಮ' ಎಂದು ಬರೆಯುತ್ತಿದ್ದ. ಆದರೆ ಆವತ್ತು ಮುಂಜಾನೆಯೇ ನರ್ಸು ಮನೆಯವರ ವಿಚಾರ ಕೇಳಿದಾಗ, ನೋವಿನ ಸಿಟ್ಟಿನಲ್ಲಿ ಸುಗಂಧಾಬಾಯಿ, "ನನಗ ಅಣ್ಣತಮ್ಮರ ಯಾರೂ ಇಲ್ಲ," ಎಂದು ಬಿಗಿಯಾಗಿ ಹೇಳಿ ಬರೆಸಿಬಿಟ್ಟಿದ್ದಳು. ಲಗಮಣ್ಣ ಹಲ್ಲು ಕಚ್ಚಿ ಬಿದ್ದಿದ್ದ ಅವಳ ಕಡೆ ಒಮ್ಮೆ ನೋಡಿದ. ಆಮೇಲೆ 'ಪತಿ' ಎಂದು ಬರೆದು ಸಹಿ ಮಾಡಿದ.

ಮೂರು ದಿನದ ಮೇಲೆ ಗುಟ್ಟು ಹೊರಬಿತ್ತು. ಅಜ್ಜಿಯ ಯಜಮಾನರು ಎಷ್ಟು ಕಾಳಜಿ ಮಾಡುತ್ತಾರೆ ಎಂದು ನರ್ಸು ಸೊಸೆ ರೂಪಾಲಿಯ ಮುಂದೆ ಹೊಗಳಿದಳು. ರೂಪಾಲಿ ಬಾಯಿಗೆ ಓಢಣಿ ಒತ್ತಿ ನಕ್ಕಳು. "ಅತ್ತಿ, ನಮಗ ಒಂದ ಮಾತ ಹೇಳಬಾರದಿತ್ತೇನ್ರಿ?" ಎಂದಳು. ಅಭಿನಂದನ ಬೆನ್ನು ತಿರುಗಿಸಿ ಕಿಟಕಿಯ ಕಡೆ ಹೋಗಿ ನಿಂತ. ನಗುವುದಕ್ಕಿಂತ ಅದು ಹೆಚ್ಚು ನೋಯಿಸಿತು. ವಾರದೊಳಗೆ ಸುದ್ದಿ ಅವಳ ಗಂಡನ ಊರು ಜುಗೂಳದವರೆಗೂ ಮುಟ್ಟಿ, ನಾದಿನಿಯೊಬ್ಬಳು ಫೋನು ಮಾಡಿ ಮದುವೆ ಊಟ ಯಾವಾಗ ಎಂದು ಕೇಳಿದಳು. ಆಡುವವರ ಬಾಯಿಗೆ ಹಗ್ಗ ಹಾಕಲಾದೀತೇ? ಗಂಡ ತೀರಿ ಒಂಬತ್ತು ವರ್ಷವಾಗಿದ್ದವಳು, ಕುಂದು ಬಾರದ ಹಾಗೆ ಬದುಕಿದವಳು, ಎಪ್ಪತ್ತರ ಹೊಸ್ತಿಲಲ್ಲಿ ನಗೆಗೀಡಾದಳು.

ವಸತಿಗೆ ಮರಳಿದ ದಿನವೇ ಅವಳು ಅವನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದಳು.

"ತಮ್ಮ ಅಂತ ಬರಿಯಾಕ ಬರ್ತಿರಲಿಲ್ರಿ ಬಾಯಿ," ಎಂದ ಲಗಮಣ್ಣ. "ಯಾರೂ ಇಲ್ಲ ಅಂತ ನೀವ ಬರಸಿದ್ರಿ. ಸಹಿ ಇಲ್ಲದ ಒಳಗ ಒಯ್ಯೂದಿಲ್ಲ ಅಂದ್ರು. ನೀವ ನೋಡಿದ್ರ ನೋವಿಗೆ ಹಲ್ಲ ಕಚಗೊಂಡ ಬಿದ್ದೀರಿ."

"ಸತ್ತರ ಸಾಯ್ತಿದ್ನಿ. ಇನ್ನ ಮ್ಯಾಲೆ ನನ್ನ ಬಾಗಲಾ ತುಳೀಬ್ಯಾಡ್ರಿ."

"ಆತ್ರಿ ಬಾಯಿ," ಎಂದು ಅವನು ಕೈಮುಗಿದು ಹೋದ. ಹೇಳಿದ ಮಾತು ನಡೆಸುವುದರಲ್ಲಿ ಲಗಮಣ್ಣ ಗಟ್ಟಿ. ಮತ್ತೆ ಒಂದು ದಿನವೂ ಆ ಬಾಗಿಲ ಮುಂದೆ ಹಾಯಲಿಲ್ಲ. ನಳಕ್ಕೆ ಹೋಗಬೇಕಾದರೂ ತೋಟದ ಕಡೆಯಿಂದ ಸುತ್ತು ಹಾಕಿ ಹೋಗುತ್ತಿದ್ದ.

* * *

ಹತ್ತರ ಹೊತ್ತಿಗೆ ದಿಗ್ಗೇವಾಡಿಯಿಂದ ಲಗಮಣ್ಣನ ಅಕ್ಕನ ಮಗ ಉತ್ತಮ ಬಂದ. ನಲವತ್ತರ ಆಳು. ಕಬ್ಬಿನ ಗದ್ದೆಯಿಂದ ಎದ್ದು ಬಂದಿದ್ದನೇನೋ, ತೋಳಿನ ತುಂಬ ರವದಿಯ ಗರಿ ಗೀರಿದ ಗುರುತು. ಮಾವನ ಪಾದ ಹಿಡಿದು ಕೂತವನು ಬಹಳ ಹೊತ್ತು ಏಳಲಿಲ್ಲ. ಹೆಣವನ್ನು ಊರಿಗೆ ಒಯ್ಯುತ್ತೀಯಾ ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದ.

"ಇಲ್ಲೇ ಆಗಲಿರಿ. ನಮ್ಮೂರಿಗೆ ಬಂದ್ರ ಎರಡ ದಿನಾ ನಿಲ್ತಿರಲಿಲ್ಲ. ನಮ್ಮ ಮಂದಿ ಕಾಯ್ತಾರಪಾ, ದವಾಖಾನಿ ಅದಾವು, ಅಂತ ಹೊಂಟಬಿಡ್ತಿದ್ದ. ನನ್ನ ಸಾಲಿ, ನನ್ನ ತಂಗಿ ಮದವಿ, ಎಲ್ಲಾ ಸ್ವಾದರಮಾವನ ಮಾಡಿದ್ದು. ತಾ ಮಾತ್ರ ಲಗ್ನಾ ಆಗಲಿಲ್ಲ."

ಶಮಶೇರ ಅವನ ಪಕ್ಕದಲ್ಲಿ ಕೂತ. ನಿಪ್ಪಾಣಿಯಲ್ಲಿ ಐವತ್ತು ವರ್ಷ ಟೇಲರಿಕೆ ಮಾಡಿದವನು. ಲಗಮಣ್ಣನ ಮೈಮೇಲಿನ ಹೊಸ ಅಂಗಿ ಅವನೇ ಮುಂಜಾನೆ ಮಶೀನಿಗೆ ಕೂತು ಹೊಲಿದದ್ದು. "ನನ್ನ ಎದಿ ಕೊಯ್ದಾಗ ಫಾರ್ಮಿನ್ಯಾಗ 'ತಮ್ಮ' ಅಂತ ಬರದನಪಾ ನಿಮ್ಮ ಮಾವ," ಎಂದ. "ಆ ಹುಡಿಗಿ ನನ್ನ ಹೆಸರ ನೋಡತಾಳ, ಇವನ ಹೆಸರ ನೋಡತಾಳ. ಇಬ್ಬರೂ ಸಖ್ಖಾ ಅಣ್ಣತಮ್ಮರ ಹೆಂಗ ಅಂತ ಕೇಳಿದಳು. 'ಒಂದ ತಾಯಿ ಮಕ್ಕಳ ಅಲ್ಲ ಯವ್ವಾ, ಒಂದ ಬಸ್ಸಿನವರು' ಅಂದ."

ಅಳುತ್ತಿದ್ದವರ ನಡುವೆ ಸಣ್ಣದೊಂದು ನಗೆ ಎದ್ದು ಇಳಿಯಿತು. ಸೀತವ್ವ ಮಾತು ಎತ್ತಿಕೊಂಡಳು. "ನನಗ ಸೂಜಿ ಅಂದ್ರ ಜೀವಾ ಹಾರತಿತ್ತು. ಇಂವಾ ಬಾಜೂಕ ನಿಂತು, ರಾಯಬಾಗ, ಚಿಂಚಲಿ, ಕುಡಚಿ, ಅಂತ ಊರ ಹೆಸರ ಒದರಾಂವ. 'ಉಗಾರ ಬರೂದ್ರಾಗ ಮುಗೀತೈತಿ ನೋಡವಾ' ಅಂತಿದ್ದ. ಖರೇ, ಉಗಾರ ಬರೂದ್ರಾಗ ಮುಗೀತಿತ್ತು."

ಒಬ್ಬೊಬ್ಬರೂ ತಮ್ಮ ತಮ್ಮ ಮಿರಜು ಹೇಳಿದರು. ವಸತಿಯಲ್ಲಿ ಅವನು ತಮ್ಮನಾಗದ, ಭಾವನಾಗದ ಮನುಷ್ಯರು ಕಡಿಮೆ. ಸುಗಂಧಾಬಾಯಿಯ ಸರದಿ ಬಂದಾಗ ಎಲ್ಲರೂ ಬೇರೆ ಕಡೆ ನೋಡಿದರು. ಅವಳು ಪತ್ರೆಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಉತ್ತಮ ತಲೆ ಎತ್ತಿ ಎಲ್ಲರ ಮುಖವನ್ನೂ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದ ಕೇಳ್ತೀನ್ರಿ. ಮಂಗಳವಾರ ನಾ ಫೋನ ಹಚ್ಚಿದ್ದೆ. ಎದಿ ಹಿಡಿದಂಗ ಆಗಾಕತ್ತೈತಿ, ಗುರುವಾರ ತೋರಸಾಕ ಹೊಂಟೇನಿ ಅಂದ. ಸೋಬತಿಗೆ ಬರ್ಲೇನ ಮಾಮಾ ಅಂದೆ. 'ಬ್ಯಾಡೋ, ನಿಮ್ಮ ಕಬ್ಬ ಕಡ್ಯಾಕ ಬಂದಾರ. ಇಲ್ಲಿ ಬೋರ್ಡಿಗೆ ಬರದೇನಿ, ಯಾರರ ಬರ್ತಾರ' ಅಂದ. ಹಿಂತಾದ್ರಾಗ ಅಂವಾ ಒಬ್ಬನ ಯಾಕ ಹ್ವಾದ್ರಿ?"

ಹೊರಗೆ ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದು ಏದುಸಿರು ಬಿಡುತ್ತ ದಾಟಿಹೋಯಿತು.

"ಯಾರೂ ನೋಡಿಲ್ಲಪಾ," ಎಂದರು ಬಾಪುಸಾಹೇಬರು. "ನೋಡಿದ್ರ ಯಾರರ ಹೋಗದ ಇರ್ತಿದ್ರೇನು?"

ಸುಗಂಧಾಬಾಯಿ ಬಾಯಿ ತೆರೆದಳು. ಅಷ್ಟರಲ್ಲಿ ಜಂಗಮರು ಬಂದರೆಂದು ಎಲ್ಲರೂ ಎದ್ದರು, ಅವಳೂ ಎದ್ದಳು.

* * *

ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರು ಕ್ಷಮಾವಾಣಿ ಮಾಡುತ್ತಾರೆ. ತಿಳಿದೋ ತಿಳಿಯದೆಯೋ ಮನಸ್ಸು ನೋಯಿಸಿದ್ದರೆ ಕ್ಷಮಿಸಿ ಎಂದು ದೊಡ್ಡವರು ಸಣ್ಣವರೆನ್ನದೆ ಎಲ್ಲರಿಗೂ ಕೈಮುಗಿಯುವ ದಿನ ಅದು. ಸುಗಂಧಾಬಾಯಿ ಪ್ರತಿ ವರ್ಷ ಮೂವತ್ತೆಂಟೂ ಖೋಲಿಗಳ ಬಾಗಿಲಿಗೆ ಹೋಗಿ ಬರುತ್ತಿದ್ದಳು. ಈ ಸಲವೂ ಹೋದಳು. ಲಗಮಣ್ಣನ ಬಾಗಿಲನ್ನು ಕಡೆಗೆ ಇಟ್ಟುಕೊಂಡಿದ್ದಳು. ಏನು ಹೇಳಬೇಕೆಂದು ಎರಡು ದಿನದಿಂದ ಜೋಡಿಸಿಕೊಂಡದ್ದನ್ನು ಮೆಟ್ಟಿಲು ಹತ್ತುವಾಗ ಇನ್ನೊಮ್ಮೆ ಹೇಳಿಕೊಂಡಳು.

ಬಾಗಿಲಿಗೆ ಕೀಲಿ ಇತ್ತು. ಸೀತವ್ವನ ಮೊಣಕಾಲು ತೋರಿಸಲು ಅವನು ಮಿರಜಿಗೆ ಹೋಗಿದ್ದ. ಆ ಕೀಲಿ ಕಂಡಾಗ ಸುಗಂಧಾಬಾಯಿಗೆ ಆದದ್ದು ಸಂತೋಷ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದು ಹಗುರಾಗಿ ಮೆಟ್ಟಿಲು ಇಳಿದಳು. ಸಂಜೆ ಅವನು ಬಂದದ್ದನ್ನು ಕಂಡಳು, ಹೋಗಲಿಲ್ಲ. ನಾಳೆ ಎಂದುಕೊಂಡಳು. ಆ ನಾಳೆ ಬರದೆ ನಾಲ್ಕು ತಿಂಗಳು ಕಳೆಯಿತು.

ಮತ್ತೆ ಈ ಬುಧವಾರ. ಊಟ ಮುಗಿಸಿ ಎಲ್ಲರಿಗಿಂತ ಮೊದಲು ಹೊರಬಂದಾಗ ಕರಿಹಲಗೆಯ ಮೇಲೆ ಕಣ್ಣು ಬಿತ್ತು. ಗುರುವಾರ. ಎಡಕ್ಕೆ, ಲಗಮಣ್ಣ. ಬಲಕ್ಕೆ ಏನೂ ಇಲ್ಲ. ಮಾತು ಬಿಟ್ಟವರ ಹೆಸರನ್ನು ಮನುಷ್ಯ ಬೇರೆಯವರಿಗಿಂತ ಹೆಚ್ಚು ನಿಗಾ ಇಟ್ಟು ಓದುತ್ತಾನೆ. ಅವನು ಯಾರಿಗೋ ಸೋಬತಿ ಹೋಗುತ್ತಿಲ್ಲ, ಅವನಿಗೇ ಸೋಬತಿ ಬೇಕಾಗಿದೆ ಎಂಬುದು ಅವಳಿಗೆ ಕೂಡಲೇ ತಿಳಿಯಿತು. ಕೇಳಬಾರದು ಎಂಬ ಕಟ್ಟಳೆ ಹಾಕಿದವನು ತಾನೂ ಯಾರನ್ನೂ ಕೇಳದೆ ಬರೆದು ಹೋಗಿದ್ದ.

ಅವಳು ಸುಣ್ಣದ ಖಡು ಎತ್ತಿಕೊಂಡಳು. ಬಲಗಡೆ 'ಸು' ಎಂದು ಬರೆದಳು. ಒಳಗಿನಿಂದ ಹೆಂಗಸರ ನಗೆ ಕೇಳಿಸಿತು. ಯಾವುದಕ್ಕೋ ನಕ್ಕಿದ್ದರು. ಆದರೆ ಅವಳ ಕಿವಿಗೆ, ಗಂಡ ಹೆಂಡತಿ ಮತ್ತೆ ಮಿರಜಿಗೆ ಹೊಂಟರು ನೋಡ್ರಿ ಎಂದು ನಾಳೆ ಆಗಬಹುದಾದ ನಗೆ ಕೇಳಿಸಿತು. ಅಭಿನಂದನ ಕಿಟಕಿಯ ಕಡೆ ತಿರುಗಿ ನಿಂತದ್ದು ನೆನಪಾಯಿತು. ಹೆಬ್ಬೆರಳಿನಿಂದ 'ಸು' ಅಳಿಸಿದಳು. ಯಾರಾದರೂ ಬರೆಯುತ್ತಾರೆ, ಊರು ತುಂಬ ಮಂದಿ ಇದ್ದಾರೆ ಎಂದುಕೊಂಡಳು.

ಗುರುವಾರ ಮುಂಜಾನೆ ಅವನು ಬಸ್ಸಿಗೆ ನಿಂತಿದ್ದನ್ನು ಅವಳು ಖೋಲಿಯ ಕಿಟಕಿಯಿಂದ ನೋಡಿದಳು. ಅವನು ಎರಡು ಸಲ ಹಿಂತಿರುಗಿ ವಸತಿಯ ಗೇಟಿನ ಕಡೆ ನೋಡಿದ. ಆಮೇಲೆ ಬಸ್ಸು ಬಂತು.

* * *

ಕಾಲುವೆಯಾಚೆಯ ರುದ್ರಭೂಮಿಗೆ ಅರ್ಧ ಮೈಲಿ. ನಡೆಯಲಾಗದವರನ್ನು ಟೆಂಪೊದಲ್ಲಿ ಕೂರಿಸಿಕೊಂಡು ವಸತಿಗೆ ವಸತಿಯೇ ಹೊರಟಿತು. ಕಬ್ಬಿನ ಟ್ರ್ಯಾಕ್ಟರುಗಳು ಬದಿಗೆ ನಿಂತು ಹಾಡು ಬಂದ್ ಮಾಡಿದವು. ಸುಗಂಧಾಬಾಯಿ ನಡೆದೇ ಹೋದಳು. ಸೀತವ್ವ ಕೈ ಹಿಡಿಯಲು ಬಂದರೆ ಬೇಡವೆಂದಳು.

ಕುಣಿ ಸಿದ್ಧವಾಗಿತ್ತು. ಉತ್ತಮ ಒಳಗಿಳಿದು ಮಾವನನ್ನು ಎರಡೂ ತೋಳಲ್ಲಿ ತಬ್ಬಿ ಇಳಿಸಿಕೊಂಡು ಕೂರಿಸಿದ. ಜಂಗಮರು ಮಂತ್ರ ಹೇಳಿದರು. ವಿಭೂತಿ ಬಿತ್ತು, ಉಪ್ಪು ಬಿತ್ತು, ಸುಗಂಧಾಬಾಯಿ ಬಿಡಿಸಿದ ಪತ್ರೆಗಳು ಹೆಗಲವರೆಗೆ ತುಂಬಿದವು. ಉತ್ತಮ ಮೇಲೆ ಬಂದು ಮೊದಲ ಹಿಡಿ ಮಣ್ಣು ಹಾಕಿ, ಸಲಿಕೆ ಹಿಡಿದು ಬದಿಗೆ ನಿಂತ.

ಉಳಿದವರು ಗದ್ದಲ ಮಾಡಬಾರದೆಂದು ಬಾಪುಸಾಹೇಬರು ಖೋಲಿ ನಂಬರಿನಂತೆ ಸಾಲು ಮಾಡಿದರು. ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ಎಲ್ಲರೂ ನಿಂತರು. ಸೀತವ್ವ ಹತ್ತು, ಸುಗಂಧಾಬಾಯಿ ಹನ್ನೊಂದು, ಬಾಪುಸಾಹೇಬರದು ಹನ್ನೆರಡು, ಶಮಶೇರನದು ಹದಿಮೂರು. ಒಬ್ಬೊಬ್ಬರೂ ಬಗ್ಗಿ ಹಿಡಿ ತುಂಬ ಕರಿ ಮಣ್ಣು ಎತ್ತಿಕೊಂಡು ಮುಂದೆ ಸರಿಯುತ್ತಿದ್ದರು. ಸೀತವ್ವ ಮಣ್ಣು ಹಾಕಿ, "ಹೋಗಿ ಬಾರಪ್ಪಾ ತಮ್ಮಾ," ಎಂದು ಅತ್ತು ಸರಿದಳು.

ಸುಗಂಧಾಬಾಯಿ ಅಂಚಿಗೆ ಬಂದು ಕೆಳಗೆ ನೋಡಿದಳು. ಆರು ತಿಂಗಳ ಮೇಲೆ ಅವನ ಮುಖವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಹಳ ಇಳಿದಿದ್ದ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. 'ದಿನಾ ಎದುರಿಗೇ ತಿರುಗಿದರೂ ನೋಡಲಿಲ್ಲವಲ್ಲ' ಎಂದುಕೊಂಡಳು.

"ಲಗಮಣ್ಣಾರ," ಎಂದಳು.

ಸಾಲಿನಲ್ಲಿದ್ದವರೆಲ್ಲ ತಲೆ ಎತ್ತಿದರು.

"ನಾ ನೋಡಿದ್ನಿರಿ. ಎಡಕ್ಕ ನಿಮ್ಮ ಹೆಸರ ಇತ್ತು, ಬಲಕ್ಕ ಯಾರೂ ಇರಲಿಲ್ಲ. ನನ್ನ ಹೆಸರ ಬರಿಯಾಕ ಹೋಗಿ ಅಳಿಸಿಬಿಟ್ನಿ. ಮಂದಿ ನಗತಾರ ಅಂತ." ಉತ್ತಮನ ಕಡೆ ತಿರುಗಿದಳು. "ಯಪ್ಪಾ, ಯಾರೂ ನೋಡಿಲ್ಲ ಅಂದದ್ದು ಸುಳ್ಳು. ನಾ ನೋಡೇನಿ. ನಿಮ್ಮ ಮಾವ ನನ್ನ ಜೀವಾ ಉಳಿಸಿದಾಂವ. ನಾ ಅವನ ಬಾಜೂಕ ಒಂದ ಬೆಂಚಿನ ಮ್ಯಾಲೆ ಕುಂಡ್ರಲಿಲ್ಲ."

ಉತ್ತಮ ಸಲಿಕೆಯ ಹಿಡಿಯನ್ನು ಬಿಗಿಯಾಗಿ ಹಿಡಿದ. ಅವಳು ಮುಷ್ಟಿ ಬಿಚ್ಚಿದಳು. ಮಣ್ಣು ಪತ್ರೆಯ ಮೇಲೆ ಬಿತ್ತು. ಬೈಯುವವರು ಬೈಯಲಿ ಎಂದು ಅವಳು ಬದಿಗೆ ಸರಿದು ನಿಂತಳು.

ಬಾಪುಸಾಹೇಬರ ಸರದಿ. ಅವರು ಒಂದು ಹೆಜ್ಜೆ ಇಟ್ಟು ನಿಂತರು. ಕೈ ಮುಂದೆ ಚಾಚಿದರು. ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಇಡೀ ವಸತಿಗೆ ಕೇಳುವ ಹಾಗೆ ಮಾತಾಡುವ ಮನುಷ್ಯನ ದನಿ ಈಗ ಪಕ್ಕದವರಿಗಷ್ಟೇ ಕೇಳಿಸಿತು.

"ನಾನೂ ನೋಡಿದ್ದೆ, ಬಾಯಿ," ಎಂದರು. "ಮಂಗಳವಾರನ ನೋಡಿದ್ದೆ. ಯಾರರ ಬರೀತಾರ ಅಂದ್ಕೊಂಡೆ."

ಸುಗಂಧಾಬಾಯಿ ಅವರ ಮುಖ ನೋಡಿದಳು. ಆಮೇಲೆ ಅವರ ಹಿಂದಿದ್ದ ಶಮಶೇರನನ್ನು ನೋಡಿದಳು. ಶಮಶೇರ ತಲೆ ತಗ್ಗಿಸಿದ. ಅವನ ಹಿಂದಿನವರೂ ಒಬ್ಬರಾದ ಮೇಲೊಬ್ಬರು ನೆಲ ನೋಡತೊಡಗಿದರು.

ಸಾಲು ಅಲ್ಲಿಗೆ ನಿಂತಿತು. ಯಾರೂ ಮುಂದೆ ಬರಲಿಲ್ಲ. ಉತ್ತಮ ಸಲಿಕೆ ಹಿಡಿದು ಕಾಯುತ್ತಲೇ ಇದ್ದ. ಮುದಿ ಬೆರಳುಗಳು ಎಷ್ಟು ಬಿಗಿ ಹಿಡಿದರೂ ಸಂದಿಯಿಂದ ಮಣ್ಣು ಸೋರಿ, ಅವರವರ ಬರಿಗಾಲಿನ ಮೇಲೆಯೇ ಬೀಳುತ್ತಿತ್ತು.